ಕೃತಕ ಉಸಿರಾಟಕ್ಕೆ ದಾರಿ ತೋರುವ ಉಪಕರಣಗಳು

ಪುಣೆಯ ಮನೆಮನೆಗಳಿಗೆ ‘ವೆಂಟಿಲೇಟರ್’ ಎಂಬ ಪದ ಪರಿಚಿತವಾದದ್ದು ಎರಡು ಸಾಂಕ್ರಾಮಿಕಗಳ ಮೂಲಕ. ಎಚ್1ಎನ್1 ಜ್ವರದಿಂದ ಭಾರತದಲ್ಲಿ ಮೊದಲ ಸಾವು ಸಂಭವಿಸಿದ್ದು 2009ರ ಆಗಸ್ಟ್ 3ರಂದು, ಈ ನಗರದಲ್ಲಿ. ಮಹಾರಾಷ್ಟ್ರದ ಮೊದಲ ಎರಡು ಕೋವಿಡ್ ಪ್ರಕರಣಗಳು 2020ರ ಮಾರ್ಚ್ 9ರಂದು ಪತ್ತೆಯಾದದ್ದೂ ಇಲ್ಲಿಯೇ. ಆ ಇಬ್ಬರನ್ನೂ ನಾಯ್ಡು ಆಸ್ಪತ್ರೆಗೆ ಸೇರಿಸಲಾಯಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಶಿವಾಜಿನಗರದ ಇಂಜಿನಿಯರಿಂಗ್ ಕಾಲೇಜಿನ ಮೈದಾನದಲ್ಲಿ ಜಂಬೊ ಆಸ್ಪತ್ರೆ ತಲೆಯೆತ್ತಿತು. ಆ ದಿನಗಳಲ್ಲಿ ನಾವೆಲ್ಲರೂ ಕೇಳಿದ ಪ್ರಶ್ನೆ ಒಂದೇ: ‘ವೆಂಟಿಲೇಟರ್ ಸಿಗುತ್ತದೆಯೇ?’

ಯಂತ್ರ ಸಿಕ್ಕ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಈ ಯಂತ್ರದ ಬಗ್ಗೆ ನಮ್ಮ ಜನರಲ್ಲಿ ಎರಡು ನಂಬಿಕೆಗಳಿವೆ. ‘ವೆಂಟಿಲೇಟರಿಗೆ ಹಾಕಿದರೆಂದರೆ ಇನ್ನು ಮುಗಿಯಿತು’ ಎಂಬುದು ಒಂದು; ‘ವೆಂಟಿಲೇಟರ್ ಹಾಕಿದ್ದಾರೆ, ಇನ್ನು ಗುಣವಾಗುತ್ತದೆ’ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ವೆಂಟಿಲೇಟರ್ ಯಾವ ರೋಗವನ್ನೂ ಗುಣಪಡಿಸುವುದಿಲ್ಲ. ಔಷಧಿಗೂ ದೇಹದ ಸ್ವಂತ ಶಕ್ತಿಗೂ ಕೆಲಸ ಮಾಡಲು ಅದು ಕಾಲಾವಕಾಶ ಒದಗಿಸುತ್ತದೆ, ಅಷ್ಟೇ. ಆ ಅವಧಿಯಲ್ಲಿ ಗಾಳಿ ಹೆಚ್ಚಾದರೆ ಶ್ವಾಸಕೋಶಕ್ಕೆ ಹೊಸ ಗಾಯವಾಗುತ್ತದೆ, ಕಡಿಮೆಯಾದರೆ ಪ್ರಾಣವಾಯು ಸಾಲದು. ಎಷ್ಟು ಎಂಬುದನ್ನು ಯಂತ್ರ ತಾನಾಗಿ ಅರಿಯದು. ಅದನ್ನು ತಿಳಿಸುವವು ಅಳತೆಯ ಉಪಕರಣಗಳು, ನಿರ್ಧರಿಸುವವರು ಅವುಗಳನ್ನು ಓದಬಲ್ಲ ವೈದ್ಯರು ಮತ್ತು ದಾದಿಯರು. ಈ ಉಪಕರಣಗಳು ಯಾವುವು, ಅವು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಶ್ವಾಸಕೋಶ ಸೋಲುವುದೆಂದರೇನು?

ಶ್ವಾಸಕೋಶಕ್ಕೆ ಇರುವ ಮುಖ್ಯ ಕೆಲಸಗಳು ಎರಡು. ಆಮ್ಲಜನಕವನ್ನು ರಕ್ತಕ್ಕೆ ಸೇರಿಸುವುದು ಮೊದಲನೆಯದು. ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದು ಎರಡನೆಯದು. ಇವುಗಳಲ್ಲಿ ಒಂದು ಕೆಟ್ಟು ಇನ್ನೊಂದು ಚೆನ್ನಾಗಿರಬಹುದು. ಹಳೆಯ ದಮ್ಮಿನ ರೋಗಿಗಳಲ್ಲಿ ಎಷ್ಟೋ ವೇಳೆ ಎರಡನೆಯ ಕೆಲಸವೇ ಸೋಲುತ್ತದೆ. ತೀವ್ರ ನ್ಯುಮೋನಿಯಾ, ಡೆಂಗೆ, ಮಲೇರಿಯಾ, ರಕ್ತದ ಸೋಂಕು, ಮೇದೋಜೀರಕದ ಉರಿಯೂತ ಮುಂತಾದ ಕಾರಣಗಳಿಂದ ಶ್ವಾಸಕೋಶದ ಸಣ್ಣ ವಾಯುಕೋಶಗಳಲ್ಲಿ ನೀರು ಮತ್ತು ಕೀವು ತುಂಬಿಕೊಂಡಾಗ ಮೊದಲನೆಯ ಕೆಲಸ ಸೋಲುತ್ತದೆ. ಈ ಸ್ಥಿತಿಯನ್ನು ವೈದ್ಯರು ಎ.ಆರ್.ಡಿ.ಎಸ್. ಎಂದು ಕರೆಯುತ್ತಾರೆ. ಅಮೆರಿಕದ ಡೆನ್ವರ್ ನಗರದ ವೈದ್ಯರು 1967ರಲ್ಲಿ 12 ರೋಗಿಗಳ ವಿವರಗಳೊಂದಿಗೆ ಇದನ್ನು ಮೊದಲ ಬಾರಿಗೆ ಪ್ರತ್ಯೇಕ ರೋಗಸ್ಥಿತಿಯಾಗಿ ವರ್ಣಿಸಿದರು.

ಹೊರಗಿನಿಂದ ನೋಡಿದರೆ ಎರಡೂ ಬಗೆಯ ರೋಗಿಗಳು ಏದುಸಿರು ಬಿಡುತ್ತಿರುತ್ತಾರೆ. ಆದರೆ ಇಬ್ಬರಿಗೂ ಬೇಕಾದ ಯಂತ್ರದ ಹೊಂದಾಣಿಕೆ ಬೇರೆ ಬೇರೆ. ಆದ್ದರಿಂದಲೇ ಕಣ್ಣಳತೆ ಇಲ್ಲಿ ಸಾಲುವುದಿಲ್ಲ.

1952ರ ಪಾಠ

ಈ ಸತ್ಯ ವೈದ್ಯಲೋಕಕ್ಕೆ ಮನವರಿಕೆಯಾದದ್ದು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ. ನಮ್ಮ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಸ್ಥಾಪನೆಯಾದ 1952ನೆಯ ವರ್ಷವೇ ಆ ನಗರದಲ್ಲಿ ಪೋಲಿಯೊ ಭೀಕರವಾಗಿ ಹರಡಿತು. ಬ್ಲೆಗ್‌ಡ್ಯಾಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯುಗಳು ನಿಷ್ಕ್ರಿಯವಾದ ರೋಗಿಗಳು ಸಾಲುಸಾಲಾಗಿ ಬಂದರು. ಮೊದಲ ಮೂರು ವಾರಗಳಲ್ಲಿ ಅಂತಹ 31 ರೋಗಿಗಳ ಪೈಕಿ 27 ಮಂದಿ ತೀರಿಕೊಂಡರು.

ಆ ರೋಗಿಗಳ ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒಟ್ಟು ಪ್ರಮಾಣ ಹೆಚ್ಚಿರುವುದನ್ನು ಪ್ರಯೋಗಾಲಯ ತೋರಿಸಿತ್ತು. ರಕ್ತದಲ್ಲಿ ಕ್ಷಾರ ಹೆಚ್ಚಾಗಿರುವುದರ ಗುರುತು ಇದು ಎಂದು ವೈದ್ಯರು ಅರ್ಥೈಸಿದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಮಾತ್ರ ಇದಕ್ಕೆ ತದ್ವಿರುದ್ಧವಾದ ಅರ್ಥ ಹೇಳಿದರು. ರೋಗಿಗಳು ಸಾಕಷ್ಟು ಉಸಿರು ಬಿಡಲಾಗದೆ ಅನಿಲ ಒಳಗೇ ಉಳಿದು ರಕ್ತ ಆಮ್ಲೀಯವಾಗುತ್ತಿದೆ ಎಂಬುದು ಅವರ ವಾದ. ಪ್ರಯೋಗಾಲಯದ ಪೌಲ್ ಆಸ್ಟ್ರುಪ್ ರಕ್ತದ ಆಮ್ಲೀಯತೆಯನ್ನು ನೇರವಾಗಿ ಅಳೆದಾಗ ಇಬ್ಸೆನ್ನರ ಮಾತೇ ನಿಜವೆಂದು ಸಿದ್ಧವಾಯಿತು. ಆಗಸ್ಟ್ ತಿಂಗಳ ಕೊನೆಯಲ್ಲಿ 12 ವರ್ಷದ ಬಾಲಕಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿ, ನಳಿಕೆಯ ಮೂಲಕ ರಬ್ಬರ್ ಚೀಲದಿಂದ ಗಾಳಿ ತುಂಬಿದಾಗ ಅವಳು ಬದುಕುಳಿದಳು. ಬಳಿಕ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲೂ ರಾತ್ರಿ ಕೈಯಿಂದ ಚೀಲ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇಂದಿನ ತೀವ್ರ ನಿಗಾ ಘಟಕಗಳ ಆರಂಭವನ್ನು ಇಲ್ಲಿಂದಲೇ ಗುರುತಿಸುತ್ತಾರೆ.

ಇಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಅಂಕಿ ಮೊದಲೇ ವೈದ್ಯರ ಮುಂದಿತ್ತು. ಕೊರತೆಯಿದ್ದದ್ದು ಅದರ ಸರಿಯಾದ ಅರ್ಥದಲ್ಲಿ. ಇಂದಿನ ಅತಿ ಆಧುನಿಕ ಉಪಕರಣಗಳಿಗೂ ಈ ಮಾತು ಅನ್ವಯಿಸುತ್ತದೆ.

ಬೆರಳ ತುದಿಯ ಬೆಳಕು

ಉಪಕರಣಗಳಲ್ಲೆಲ್ಲ ನಮಗೆ ಹೆಚ್ಚು ಪರಿಚಿತವಾದದ್ದು ಪಲ್ಸ್ ಆಕ್ಸಿಮೀಟರ್. ಕೋವಿಡ್ ಕಾಲದಲ್ಲಿ ಕೊಂಡದ್ದು ಈಗಲೂ ಎಷ್ಟೋ ಮನೆಗಳ ಮೇಜಿನ ಖಾನೆಗಳಲ್ಲಿದೆ. ಇದರ ತತ್ವವನ್ನು ಕಂಡುಹಿಡಿದು 1974ರಲ್ಲಿ ಪ್ರಕಟಿಸಿದವರು ಜಪಾನಿನ ಇಂಜಿನಿಯರ್ ತಾಕುವೊ ಅಯೋಯಾಗಿ. ಆಮ್ಲಜನಕ ತುಂಬಿದ ರಕ್ತವೂ ಅದಿಲ್ಲದ ರಕ್ತವೂ ಕೆಂಪು ಬೆಳಕನ್ನು ಮತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಪ್ರತಿ ನಾಡಿಬಡಿತದೊಂದಿಗೆ ಬೆರಳಿಗೆ ಬರುವ ಹೊಸ ರಕ್ತದಲ್ಲಿ ಈ ವ್ಯತ್ಯಾಸವನ್ನು ಅಳೆದು, ನೂರರಲ್ಲಿ ಎಷ್ಟು ಭಾಗ ಆಮ್ಲಜನಕ ತುಂಬಿದೆ ಎಂದು ಉಪಕರಣ ತಿಳಿಸುತ್ತದೆ.

ಇದಕ್ಕೆ ಮಿತಿಗಳಿವೆ. ಕೈ ತಣ್ಣಗಿದ್ದರೆ, ರಕ್ತದೊತ್ತಡ ಕುಸಿದಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಅಂಕಿ ತಪ್ಪಬಹುದು. ಇವೆಲ್ಲಕ್ಕಿಂತ ಮುಖ್ಯವಾದ ಮಿತಿಯೊಂದು 2020ರ ಡಿಸೆಂಬರಿನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಕಂಡುಬಂತು. ಆಕ್ಸಿಮೀಟರ್ 92ರಿಂದ 96ರವರೆಗೆ ತೋರಿಸುತ್ತಿದ್ದಾಗಲೂ ನಿಜವಾದ ಪ್ರಮಾಣ 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ. 3.6 ಇದ್ದರೆ, ಕಪ್ಪು ಜನಾಂಗದವರಲ್ಲಿ ಶೇ. 11.7 ಇದ್ದವು. ಚರ್ಮದ ವರ್ಣದ್ರವ್ಯ ಬೆಳಕಿನ ಲೆಕ್ಕವನ್ನು ಏರುಪೇರು ಮಾಡುವುದೇ ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ಮೈಬಣ್ಣದಲ್ಲಿ ಬಹಳ ವೈವಿಧ್ಯವಿರುವ ನಮ್ಮ ನಾಡಿನಲ್ಲಿ ಇದನ್ನು ಅಲಕ್ಷಿಸುವಂತಿಲ್ಲ. ಬೆರಳಿನ ಅಂಕಿ ಚೆನ್ನಾಗಿದ್ದರೂ ರೋಗಿಯ ಏದುಸಿರು ನಿಲ್ಲದಿದ್ದರೆ ರೋಗಿಯನ್ನೇ ನಂಬಬೇಕು, ಅಂಕಿಯನ್ನಲ್ಲ.

ಆಗ ನೆರವಿಗೆ ಬರುವುದು ಅಪಧಮನಿಯ ರಕ್ತಪರೀಕ್ಷೆ. ಮಣಿಕಟ್ಟಿನ ನಾಡಿಯಿಂದ ತೆಗೆದ ಸ್ವಲ್ಪ ರಕ್ತದಲ್ಲಿ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲೀಯತೆ ಈ ಮೂರನ್ನೂ ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು. ರಕ್ತದ ಆಮ್ಲಜನಕದ ಒತ್ತಡವನ್ನು ರೋಗಿಗೆ ಕೊಡುತ್ತಿರುವ ಗಾಳಿಯಲ್ಲಿನ ಆಮ್ಲಜನಕದ ಪಾಲಿನಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಆರೋಗ್ಯವಂತರಲ್ಲಿ ಅದು 400ಕ್ಕಿಂತ ಹೆಚ್ಚು. 2012ರ ಬರ್ಲಿನ್ ವ್ಯಾಖ್ಯೆಯಂತೆ 300ರಿಂದ 200ರವರೆಗೆ ಸೌಮ್ಯ, 200ರಿಂದ 100ರವರೆಗೆ ಮಧ್ಯಮ, 100 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಎ.ಆರ್.ಡಿ.ಎಸ್. ರಕ್ತದಲ್ಲಿ ಆಮ್ಲಜನಕ 60, ಕೊಡುತ್ತಿರುವ ಗಾಳಿಯಲ್ಲಿ ಅದರ ಪಾಲು ಶೇ. 60 ಎಂದಿಟ್ಟುಕೊಳ್ಳೋಣ. ಆಗ ಈ ಸಂಖ್ಯೆ 100. ಅಂದರೆ ಸ್ಥಿತಿ ತೀವ್ರವಾಗಿದೆ. ‘ಇಂದು ಆಮ್ಲಜನಕ ಎಷ್ಟಿದೆ?’ ಎಂದು ಕೇಳುವುದಕ್ಕಿಂತ ‘ಎಷ್ಟು ಕೊಟ್ಟು ಎಷ್ಟು ಬಂದಿದೆ?’ ಎಂದು ಕೇಳುವುದು ಹೆಚ್ಚು ಉಪಯುಕ್ತವೆನ್ನುವುದು ಇದಕ್ಕೇ.

ಹೊರಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂಬುದನ್ನು ಪ್ರತಿ ಉಸಿರಿನಲ್ಲೂ ಅಳೆಯುವ ಉಪಕರಣವನ್ನು ಕ್ಯಾಪ್ನೋಗ್ರಾಫ್ ಎನ್ನುತ್ತಾರೆ. ನಳಿಕೆ ಶ್ವಾಸನಾಳದಲ್ಲೇ ಇದೆಯೇ ಅಥವಾ ಅಕಸ್ಮಾತ್ತಾಗಿ ಅನ್ನನಾಳಕ್ಕೆ ಇಳಿದಿದೆಯೇ ಎಂಬುದನ್ನು ಇದರ ಅಲೆಯಂತಹ ರೇಖೆ ಕೂಡಲೇ ತೋರಿಸಿಕೊಡುತ್ತದೆ. ರೋಗಿಯನ್ನು ಮಗ್ಗುಲು ತಿರುಗಿಸುವಾಗಲೋ ಆಂಬುಲೆನ್ಸಿನಲ್ಲಿ ಸಾಗಿಸುವಾಗಲೋ ನಳಿಕೆ ಕಳಚಿದರೆ ಆಕ್ಸಿಮೀಟರಿಗಿಂತ ಮೊದಲು ಎಚ್ಚರಿಸುವುದು ಇದೇ.

ಎಲ್ಲಕ್ಕಿಂತ ಅಗ್ಗದ ಉಪಕರಣ

ಈಗ ಅತಿ ಮುಖ್ಯವಾದ ವಿಷಯಕ್ಕೆ ಬರೋಣ. ದೊಡ್ಡ ಮೈಯವರಿಗೆ ದೊಡ್ಡ ಉಸಿರು ಬೇಕು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ಮೈ ತುಂಬಿಕೊಂಡ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಅದರ ಗಾತ್ರ ಎತ್ತರವನ್ನೂ ಲಿಂಗವನ್ನೂ ಅನುಸರಿಸುತ್ತದೆ. ಅಲ್ಲದೆ ಎ.ಆರ್.ಡಿ.ಎಸ್. ರೋಗಿಯಲ್ಲಿ ಶ್ವಾಸಕೋಶದ ಬಹುಭಾಗ ನೀರು ತುಂಬಿ ಮುಚ್ಚಿಹೋಗಿರುತ್ತದೆ. ಇಟಲಿಯ ಲುಚಿಯಾನೊ ಗಟ್ಟಿನೋನಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಮೂಲಕ ಇದನ್ನು ಕಂಡು, ಗಾಳಿಯಾಡುವ ಭಾಗ ಮಾತ್ರ ಮಗುವಿನ ಶ್ವಾಸಕೋಶದಷ್ಟಿದೆ ಎಂಬ ಅರ್ಥದಲ್ಲಿ ಅದಕ್ಕೆ ಮಗುವಿನ ಹೆಸರನ್ನೇ ಇಟ್ಟರು. ಆ ಪುಟ್ಟ ಭಾಗಕ್ಕೆ ದೊಡ್ಡವರ ಉಸಿರನ್ನು ತುರುಕಿದರೆ ಅದು ಹಿಗ್ಗಿ ಹರಿಯುತ್ತದೆ.

ಇದು ಬರಿಯ ಊಹೆಯಲ್ಲವೆಂದು 2000ದಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿತು. 861 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎತ್ತರದಿಂದ ಲೆಕ್ಕ ಹಾಕಿದ ತೂಕದ ಪ್ರತಿ ಕಿಲೋಗೆ 12 ಮಿ.ಲೀ., ಇನ್ನೊಂದಕ್ಕೆ 6 ಮಿ.ಲೀ. ಗಾಳಿಯನ್ನು ಪ್ರತಿ ಉಸಿರಿನಲ್ಲಿ ಕೊಡಲು ಯೋಜಿಸಲಾಯಿತು. ಮೊದಲ ಗುಂಪಿನಲ್ಲಿ ಶೇ. 39.8, ಎರಡನೆಯದರಲ್ಲಿ ಶೇ. 31.0 ರೋಗಿಗಳು ಸಾವಿಗೀಡಾದರು. ಯಾವ ಹೊಸ ಔಷಧಿಯೂ ಇಲ್ಲದೆ, ಉಸಿರಿನ ಗಾತ್ರವನ್ನು ಇಳಿಸಿ ಒತ್ತಡಕ್ಕೆ ಮಿತಿ ಹಾಕಿದ್ದರಿಂದಲೇ ಇಷ್ಟು ಪ್ರಾಣಗಳು ಉಳಿದವು.

ಲೆಕ್ಕ ಸರಳವಾಗಿದೆ. ಸೆಂಟಿಮೀಟರಿನಲ್ಲಿ ಎತ್ತರವನ್ನು ಅಳೆದು ಅದರಿಂದ 152.4 ಕಳೆದು, ಉಳಿದದ್ದನ್ನು 0.91ರಿಂದ ಗುಣಿಸಬೇಕು. ಗಂಡಸರಾದರೆ ಅದಕ್ಕೆ 50, ಹೆಂಗಸರಾದರೆ 45.5 ಸೇರಿಸಬೇಕು. ಐದು ಅಡಿ ಎತ್ತರದ, 75 ಕಿಲೋ ತೂಗುವ ಗೃಹಿಣಿಯೊಬ್ಬರನ್ನು ಊಹಿಸಿಕೊಳ್ಳೋಣ. ಐದು ಅಡಿ ಎಂದರೆ 152.4 ಸೆಂ.ಮೀ. ಆದ್ದರಿಂದ ಲೆಕ್ಕದ ತೂಕ 45.5 ಕಿಲೋ ಮಾತ್ರ. ಕಿಲೋಗೆ 6 ಮಿ.ಲೀ.ಯಂತೆ ಆಕೆಗೆ ಸಲ್ಲಬೇಕಾದ ಉಸಿರು ಸುಮಾರು 273 ಮಿ.ಲೀ. ತಕ್ಕಡಿಯ ತೂಕವನ್ನೇ ಹಿಡಿದು ಕಿಲೋಗೆ 10 ಮಿ.ಲೀ. ಕೊಟ್ಟರೆ ಅದು 750 ಮಿ.ಲೀ. ಆಗುತ್ತದೆ. ಎರಡೂವರೆ ಪಟ್ಟಿಗಿಂತ ಹೆಚ್ಚು! ಗಂಟೆಗೆ ಸಾವಿರಕ್ಕೂ ಮಿಕ್ಕಿ ಉಸಿರುಗಳಂತೆ ದಿನಗಟ್ಟಲೆ ಇದೇ ನಡೆದರೆ ಆಗುವ ಹಾನಿಯನ್ನು ಓದುಗರೇ ಊಹಿಸಬಹುದು. ಇದನ್ನು ತಪ್ಪಿಸಲು ಬೇಕಾದ ಉಪಕರಣ ದರ್ಜಿಯ ಬಳಿ ಇರುವ ಅಳತೆಯ ಟೇಪು. ಮಲಗಿರುವ ರೋಗಿಯನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದರೆ ಸಾಕು. ಗಿಡ್ಡ ಮೈಕಟ್ಟಿನ ಹೆಂಗಸರೇ ಈ ಅಳತೆಯ ಅಭಾವದಿಂದ ಹೆಚ್ಚು ತೊಂದರೆಗೆ ಒಳಗಾಗುವವರು ಎಂಬುದು ನೆನಪಿರಲಿ.

ಯಂತ್ರದ ಪರದೆಯ ಮೇಲಿನ ಒತ್ತಡಗಳು

ವೆಂಟಿಲೇಟರಿನ ಪರದೆಯ ಮೇಲೆ ಓಡುವ ರೇಖೆಗಳೂ ರೋಗನಿದಾನದ ಸಾಧನಗಳೇ. ಗಾಳಿ ಒಳಹೋಗುವಾಗ ಒತ್ತಡ ಒಮ್ಮೆ ಶಿಖರಕ್ಕೇರುತ್ತದೆ. ಉಸಿರು ತುಂಬಿದ ಕೂಡಲೇ ಒಂದು ಗುಂಡಿಯನ್ನೊತ್ತಿ ಅರ್ಧ ಸೆಕೆಂಡಿನಷ್ಟು ಕಾಲ ಗಾಳಿಯ ಹರಿವನ್ನು ನಿಲ್ಲಿಸಿದರೆ ಒತ್ತಡ ಕೊಂಚ ಇಳಿದು ಸಮತಟ್ಟಾಗುತ್ತದೆ. ವಾಯುಕೋಶಗಳು ನಿಜವಾಗಿ ಅನುಭವಿಸುವ ಒತ್ತಡಕ್ಕೆ ಹತ್ತಿರವಾದದ್ದು ಈ ಸಮತಟ್ಟಿನ ಅಂಕಿಯೇ. ಇದು ನೀರಿನ ಮಟ್ಟದ 30 ಸೆಂಟಿಮೀಟರನ್ನು ಮೀರಬಾರದೆಂಬುದು ಸಾಮಾನ್ಯ ನಿಯಮ. ಶಿಖರ ಎತ್ತರವಾಗಿದ್ದು ಸಮತಟ್ಟು ತಗ್ಗಿನಲ್ಲಿದ್ದರೆ ನಳಿಕೆಯಲ್ಲಿ ಕಫ ಕಟ್ಟಿದೆ ಅಥವಾ ಶ್ವಾಸನಾಳ ಬಿಗಿದುಕೊಂಡಿದೆ ಎಂದರ್ಥ. ಎರಡೂ ಎತ್ತರದಲ್ಲಿದ್ದರೆ ಶ್ವಾಸಕೋಶವೇ ಗಡುಸಾಗಿದೆ. ಮೊದಲನೆಯದಕ್ಕೆ ಕಫ ತೆಗೆಯಬೇಕು, ಎರಡನೆಯದಕ್ಕೆ ಉಸಿರಿನ ಗಾತ್ರವನ್ನು ಇಳಿಸಬೇಕಾಗಬಹುದು.

ಉಸಿರು ಹೊರಹೋದ ಮೇಲೂ ವಾಯುಕೋಶಗಳು ಪೂರ್ತಿ ಮುದುಡದಂತೆ ಯಂತ್ರ ಸ್ವಲ್ಪ ಒತ್ತಡವನ್ನು ಉಳಿಸಿರುತ್ತದೆ. ಪೂರ್ತಿ ಕುಗ್ಗಿದ ಬಲೂನನ್ನು ಊದುವುದು ಕಷ್ಟ, ಅರೆ ಊದಿದ್ದನ್ನು ಹಿಗ್ಗಿಸುವುದು ಸುಲಭ ಎಂಬುದು ಮಕ್ಕಳಿಗೂ ಗೊತ್ತು. ಇದನ್ನು ವೈದ್ಯರು ‘ಪೀಪ್’ ಎನ್ನುತ್ತಾರೆ. ಸಮತಟ್ಟಿನ ಒತ್ತಡದಿಂದ ಪೀಪನ್ನು ಕಳೆದರೆ ಬರುವ ಅಂಕಿ ಪ್ರತಿ ಉಸಿರು ಶ್ವಾಸಕೋಶವನ್ನು ಎಷ್ಟು ಎಳೆಯುತ್ತಿದೆ ಎಂಬುದನ್ನು ಹೇಳುತ್ತದೆ. 2015ರಲ್ಲಿ ಬ್ರೆಜಿಲ್‌ನ ಮಾರ್ಸೆಲೊ ಅಮಾಟೊ ಮತ್ತು ಸಂಗಡಿಗರು 3562 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ಈ ಅಂಕಿ ಏರಿದಂತೆ ಸಾವಿನ ಸಂಭವವೂ ಏರುವುದನ್ನು ತೋರಿಸಿದರು.

ಈ ಅಳತೆಗೆ ಹೊಸ ಖರ್ಚೇನೂ ಇಲ್ಲ. ಗುಂಡಿ ಯಂತ್ರದಲ್ಲೇ ಇದೆ. ಹಾಗಿದ್ದರೂ 50 ದೇಶಗಳ ತೀವ್ರ ನಿಗಾ ಘಟಕಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಎ.ಆರ್.ಡಿ.ಎಸ್. ರೋಗಿಗಳ ಪೈಕಿ ಶೇ. 40.1 ಮಂದಿಯಲ್ಲಿ ಮಾತ್ರ ಸಮತಟ್ಟಿನ ಒತ್ತಡವನ್ನು ಅಳೆದದ್ದು ಕಂಡುಬಂತು. ಸುಮಾರು ಶೇ. 40 ರೋಗಿಗಳಲ್ಲಿ ಎ.ಆರ್.ಡಿ.ಎಸ್. ಇದೆಯೆಂಬುದನ್ನೇ ವೈದ್ಯರು ಗುರುತಿಸಿರಲಿಲ್ಲ. ಉಪಕರಣವಿದ್ದರೆ ಸಾಲದು, ಬಳಕೆಯೂ ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹೊಸ ಉಪಕರಣಗಳು

ಪೀಪ್ ಎಷ್ಟಿರಬೇಕು ಎಂಬುದು ಇಂದಿಗೂ ಬಗೆಹರಿಯದ ಪ್ರಶ್ನೆ. ಕಡಿಮೆಯಾದರೆ ವಾಯುಕೋಶಗಳು ಮುದುಡುತ್ತವೆ. ಹೆಚ್ಚಾದರೆ ಚೆನ್ನಾಗಿರುವ ಭಾಗ ಹಿಗ್ಗಿ ಕೆಡುತ್ತದೆ, ರಕ್ತದೊತ್ತಡವೂ ಕುಸಿಯುತ್ತದೆ. ಇದಕ್ಕೆ ಉತ್ತರ ಹುಡುಕಲೆಂದೇ ಕೆಲವು ಹೊಸ ಉಪಕರಣಗಳು ಬಂದಿವೆ.

ಮೊದಲನೆಯದು ಅನ್ನನಾಳದ ಬಲೂನು. ಮೂಗಿನ ಮೂಲಕ ಇಳಿಸಿದ ತೆಳುವಾದ ನಳಿಕೆಯ ತುದಿಯ ಪುಟ್ಟ ಬಲೂನು ಎದೆಗೂಡಿನೊಳಗಿನ ಒತ್ತಡವನ್ನು ಅಂದಾಜು ಮಾಡಿಕೊಡುತ್ತದೆ. ಸ್ಥೂಲಕಾಯದವರಲ್ಲಿ ಎದೆ ಮತ್ತು ಹೊಟ್ಟೆಯ ಭಾರ ಶ್ವಾಸಕೋಶವನ್ನು ಹೊರಗಿನಿಂದ ಅದುಮುತ್ತಿರುತ್ತದೆ. ಯಂತ್ರದ ಅಂಕಿಯಲ್ಲಿ ಶ್ವಾಸಕೋಶದ ಪಾಲೆಷ್ಟು, ಎದೆಗೂಡಿನ ಪಾಲೆಷ್ಟು ಎಂದು ಬಿಡಿಸಿ ನೋಡಲು ಈ ಬಲೂನು ಸಹಾಯಕ. 2008ರಲ್ಲಿ 61 ರೋಗಿಗಳ ಪ್ರಯೋಗವೊಂದು ಇದರಿಂದ ರಕ್ತದ ಆಮ್ಲಜನಕ ಸುಧಾರಿಸಿದ್ದನ್ನು ತೋರಿಸಿ ಆಸೆ ಹುಟ್ಟಿಸಿತು. ಆದರೆ 2019ರಲ್ಲಿ ಪ್ರಕಟವಾದ 200 ರೋಗಿಗಳ ಪ್ರಯೋಗದಲ್ಲಿ ಸಾವಿನ ಸಂಖ್ಯೆಯಲ್ಲಾಗಲಿ ಯಂತ್ರದಿಂದ ಮುಕ್ತರಾದ ದಿನಗಳಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಎರಡನೆಯದು ವಿದ್ಯುತ್ ಪ್ರತಿರೋಧ ಚಿತ್ರಣ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1980ರ ದಶಕದಲ್ಲಿ ರೂಪುಗೊಂಡ ವಿಧಾನವಿದು. ಎದೆಯ ಸುತ್ತ 16 ಅಥವಾ 32 ಬಿಲ್ಲೆಗಳಿರುವ ಪಟ್ಟಿಯನ್ನು ಕಟ್ಟಿ, ರೋಗಿಗೆ ಅರಿವಾಗದಷ್ಟು ಅಲ್ಪ ವಿದ್ಯುತ್ತನ್ನು ಹಾಯಿಸುತ್ತಾರೆ. ಗಾಳಿ ತುಂಬಿದ ಭಾಗ ವಿದ್ಯುತ್ತಿಗೆ ಹೆಚ್ಚು ಅಡ್ಡಿ ಮಾಡುತ್ತದೆ, ನೀರು ತುಂಬಿದ ಭಾಗ ಕಡಿಮೆ. ಈ ವ್ಯತ್ಯಾಸದಿಂದ ಯಾವ ಭಾಗಕ್ಕೆ ಗಾಳಿ ಹೋಗುತ್ತಿದೆ ಎಂಬ ಚಿತ್ರ ಹಾಸಿಗೆಯ ಬಳಿಯಲ್ಲೇ, ಪ್ರತಿ ಉಸಿರಿನಲ್ಲೂ ಮೂಡುತ್ತದೆ. ವಿಕಿರಣದ ಭಯವಿಲ್ಲ, ರೋಗಿಯನ್ನು ಸ್ಕ್ಯಾನಿಗೆ ಸಾಗಿಸುವ ಅಪಾಯವೂ ಇಲ್ಲ. ಇಷ್ಟಾದರೂ ಇದರಿಂದ ಪ್ರಾಣಗಳು ಹೆಚ್ಚು ಉಳಿಯುತ್ತವೆ ಎಂಬುದು ದೊಡ್ಡ ಪ್ರಯೋಗಗಳಲ್ಲಿ ಸಿದ್ಧವಾಗಬೇಕಾಗಿದೆ.

ಮೂರನೆಯದು ಶ್ವಾಸಕೋಶದ ಅಲ್ಟ್ರಾಸೌಂಡ್. ಗಾಳಿಯಿರುವಲ್ಲಿ ಶಬ್ದತರಂಗ ನುಗ್ಗದೆಂದು ಬಹುಕಾಲ ಇದನ್ನು ದೂರವಿಟ್ಟಿದ್ದರು. ಫ್ರಾನ್ಸಿನ ಡೇನಿಯಲ್ ಲಿಖ್ಟೆನ್‌ಸ್ಟೈನ್ ಅವರು ಆರೋಗ್ಯವಂತ ಶ್ವಾಸಕೋಶದಲ್ಲಿ ಅಡ್ಡಗೆರೆಗಳೂ ನೀರು ಸೇರಿದಲ್ಲಿ ಕೆಳಮುಖವಾದ ಹೊಳೆಯುವ ಪಟ್ಟೆಗಳೂ ಕಾಣುತ್ತವೆಂದು ತೋರಿಸಿ, 2008ರಲ್ಲಿ ತುರ್ತುಸ್ಥಿತಿಯಲ್ಲಿ ಬಳಸುವ ಕ್ರಮವನ್ನು ಪ್ರಕಟಿಸಿದರು. ಎದೆಯೊಳಗೆ ಗಾಳಿ ಸೋರಿಕೆಯಾಗಿದ್ದರೆ ನಿಮಿಷಗಳಲ್ಲಿ ತಿಳಿಯಬಹುದು. ನಮ್ಮ ದೇಶದಲ್ಲಿ ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾನೂನಿನಡಿ ಅಲ್ಟ್ರಾಸೌಂಡ್ ಯಂತ್ರಗಳ ನೋಂದಣಿ ಕಡ್ಡಾಯವಾಗಿದೆ. ಕಾನೂನಿನ ಉದ್ದೇಶ ಅತ್ಯಂತ ಯೋಗ್ಯವಾದದ್ದು. ತೀವ್ರ ನಿಗಾ ಘಟಕಗಳೂ ಈ ನಿಯಮಗಳನ್ನು ಪಾಲಿಸಿಯೇ ಯಂತ್ರವನ್ನು ಬಳಸಬೇಕು.

ಹೆಚ್ಚು ಮಾಡಿದ್ದೆಲ್ಲ ಒಳ್ಳೆಯದಲ್ಲ ಎಂಬ ಎಚ್ಚರಿಕೆಯೂ ನಮಗೆ ದೊರೆತಿದೆ. ಮುಚ್ಚಿದ ವಾಯುಕೋಶಗಳನ್ನು ಅಧಿಕ ಒತ್ತಡದಿಂದ ಬಲವಂತವಾಗಿ ತೆರೆಸಿ, ಬಳಿಕ ಪೀಪನ್ನು ಅಳೆದು ಹೊಂದಿಸುವ ಕ್ರಮವನ್ನು 1010 ರೋಗಿಗಳಲ್ಲಿ ಪರೀಕ್ಷಿಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. 28 ದಿನಗಳಲ್ಲಿ ಆ ಗುಂಪಿನ ಶೇ. 55.3, ಸಾಮಾನ್ಯ ಕ್ರಮದ ಗುಂಪಿನ ಶೇ. 49.3 ರೋಗಿಗಳು ತೀರಿಕೊಂಡಿದ್ದರು. ಇದಕ್ಕೆ ಪ್ರತಿಯಾಗಿ, ತೀವ್ರ ರೋಗಿಗಳನ್ನು ದಿನಕ್ಕೆ 16 ಗಂಟೆಗಳ ಕಾಲ ಬೋರಲು ಮಲಗಿಸುವ ಸರಳ ಕ್ರಮ 2013ರ ಪ್ರಯೋಗದಲ್ಲಿ 28 ದಿನಗಳ ಸಾವನ್ನು ಶೇ. 32.8ರಿಂದ ಶೇ. 16ಕ್ಕೆ ಇಳಿಸಿತು. ಇದಕ್ಕೆ ಬೇಕಾದದ್ದು ನಾಲ್ಕೈದು ಮಂದಿಯ ನುರಿತ ಕೈಗಳು. ಯಾವ ರೋಗಿಗೆ ಇದು ಬೇಕೆಂದು ಆರಿಸಲು ಬಳಸಿದ್ದು ನಾವು ಮೇಲೆ ಹೇಳಿದ ರಕ್ತಪರೀಕ್ಷೆಯ ಭಾಗಾಕಾರವನ್ನೇ.

ಯಂತ್ರಗಳು ಬಂದವು, ಮುಂದೇನು?

2020ರಲ್ಲಿ ನಮ್ಮವರು ತೋರಿದ ಸಾಹಸ ಹೆಮ್ಮೆಪಡುವಂಥದ್ದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಮೈಸೂರಿನ ಸ್ಕ್ಯಾನ್‌ರೇ ಕಂಪನಿ ಮತ್ತು ರಕ್ಷಣಾ ಸಂಶೋಧನಾ ಸಂಸ್ಥೆಗಳ ಜೊತೆಗೂಡಿ ಕೇಂದ್ರ ಸರ್ಕಾರಕ್ಕಾಗಿ 30,000 ವೆಂಟಿಲೇಟರುಗಳ ತಯಾರಿಕೆಯನ್ನು ಕೈಗೊಂಡಿತು. ಸೌರಫಲಕಗಳನ್ನು ಶುಚಿಗೊಳಿಸುವ ರೋಬೋಟುಗಳನ್ನು ಮಾಡುತ್ತಿದ್ದ ಪುಣೆಯ ನೊಕ್ಕಾ ರೊಬೊಟಿಕ್ಸ್ ಎಂಬ ಪುಟ್ಟ ಕಂಪನಿಯ ಯುವಕರು, ತಾವು ಓದಿದ ಕಾನ್ಪುರದ ಐ.ಐ.ಟಿ.ಯ ಬೆಂಬಲದಿಂದ ಅಗ್ಗದ ವೆಂಟಿಲೇಟರ್ ರೂಪಿಸಿದರು.

ಯಂತ್ರಗಳನ್ನು ತಿಂಗಳುಗಳಲ್ಲಿ ತಯಾರಿಸಬಹುದು. ಆದರೆ ಅದರ ಪರದೆಯನ್ನು ಓದಬಲ್ಲ ವೈದ್ಯರನ್ನೂ ದಾದಿಯರನ್ನೂ ತಿಂಗಳುಗಳಲ್ಲಿ ತಯಾರಿಸಲಾಗದು. ಸಣ್ಣ ಊರುಗಳ ದೃಷ್ಟಿಯಿಂದ ಒಂದು ಸಮಾಧಾನದ ಸಂಗತಿಯಿದೆ. ಎ.ಆರ್.ಡಿ.ಎಸ್. ರೋಗದ ಹೊಸ ಜಾಗತಿಕ ವ್ಯಾಖ್ಯೆಯಲ್ಲಿ, ರಕ್ತಪರೀಕ್ಷೆಯ ಬದಲು ಆಕ್ಸಿಮೀಟರಿನ ಅಂಕಿಯನ್ನೂ ಎಕ್ಸ್‌ರೇ ಬದಲು ಅಲ್ಟ್ರಾಸೌಂಡನ್ನೂ ಬಳಸಲು ಅವಕಾಶ ಕೊಡಲಾಗಿದೆ. ದೊಡ್ಡ ಪ್ರಯೋಗಾಲಯವಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ರೋಗವನ್ನು ಹೆಸರಿಟ್ಟು ಗುರುತಿಸಲು ಇದರಿಂದ ಸಾಧ್ಯ.

ಯಂತ್ರದಿಂದ ಬಿಡುಗಡೆ, ಮತ್ತು ಭಾಷೆ

ಯಂತ್ರವನ್ನು ಹಾಕುವುದರಷ್ಟೇ ಮುಖ್ಯವಾದದ್ದು ಸಕಾಲದಲ್ಲಿ ತೆಗೆಯುವುದು. ರೋಗಿ ತಾನಾಗಿ ಉಸಿರಾಡಬಲ್ಲನೇ ಎಂದು ತಿಳಿಯಲು ನಿಮಿಷಕ್ಕೆ ಎಷ್ಟು ಉಸಿರು ಎಂಬುದನ್ನು ಪ್ರತಿ ಉಸಿರಿನ ಗಾತ್ರದಿಂದ, ಅಂದರೆ ಲೀಟರಿನ ಲೆಕ್ಕದಲ್ಲಿ, ಭಾಗಿಸುತ್ತಾರೆ. ಯಾಂಗ್ ಮತ್ತು ಟೋಬಿನ್ 1991ರಲ್ಲಿ ಸೂಚಿಸಿದಂತೆ ಇದು 105ಕ್ಕಿಂತ ಹೆಚ್ಚಿದ್ದರೆ ರೋಗಿ ಬೇಗ ದಣಿಯುವ ಸಂಭವ ಹೆಚ್ಚು. ನಿಮಿಷಕ್ಕೆ 20 ಬಾರಿ, 400 ಮಿ.ಲೀ.ಯಂತೆ ಉಸಿರಾಡುವವರಿಗೆ ಈ ಸಂಖ್ಯೆ 50. 36 ಬಾರಿ, 240 ಮಿ.ಲೀ.ಯಂತೆ ಉಸಿರಾಡುವವರಿಗೆ 150. ಮೊದಲನೆಯವರಿಗೆ ಆಸೆಯಿದೆ, ಎರಡನೆಯವರು ಇನ್ನೂ ಕಾಯಬೇಕು.

ಇದರೊಂದಿಗೆ ರೋಗಿಗೆ ಎಚ್ಚರವಿದೆಯೇ, ಹೇಳಿದ್ದು ಅರ್ಥವಾಗುತ್ತಿದೆಯೇ ಎಂಬುದನ್ನೂ ಪರೀಕ್ಷಿಸುತ್ತಾರೆ. ‘ಕಣ್ಣು ತೆರೆಯಿರಿ’, ‘ನನ್ನ ಕೈ ಒತ್ತಿ’, ‘ನಾಲಗೆ ಚಾಚಿ’ ಎಂದು ಹೇಳಿ ನೋಡುತ್ತಾರೆ. ಮತಿಭ್ರಮಣೆಯನ್ನು ಪತ್ತೆಮಾಡುವ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ ಇಂಗ್ಲಿಷಿನ ನಿರ್ದಿಷ್ಟ ಅಕ್ಷರ ಕೇಳಿದಾಗಲೆಲ್ಲ ಕೈ ಒತ್ತಬೇಕು. ಪುಣೆಯಲ್ಲಿರುವ ನಮಗೆ ಇದು ಬಹಳ ಹತ್ತಿರದ ವಿಷಯ. ಮಗನ ಮನೆಗೆಂದು ಬಿಜಾಪುರದಿಂದಲೋ ಧಾರವಾಡದಿಂದಲೋ ಬಂದ ಅಜ್ಜಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದಿರಬಹುದು. ಬಾಯಲ್ಲಿ ನಳಿಕೆಯಿರುವುದರಿಂದ ‘ತಿಳಿಯಲಿಲ್ಲ’ ಎಂದು ಹೇಳಲೂ ಆಕೆಗೆ ಆಗದು. ಮರಾಠಿಯಲ್ಲೋ ಹಿಂದಿಯಲ್ಲೋ ಕೇಳಿದ ಮಾತಿಗೆ ಆಕೆ ಕೈ ಒತ್ತದಿದ್ದರೆ ಅದನ್ನು ಅರಿವಿನ ಕೊರತೆಯೆಂದು ತಿಳಿಯುವ ಸಂಭವವಿದೆ. ಅಲ್ಲಿ ಅಳತೆ ತಪ್ಪುವುದು ಯಂತ್ರದಿಂದಲ್ಲ, ಮಾತಿನಿಂದ.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲೇ ಇದೆ. ಐದಾರು ಕನ್ನಡ ವಾಕ್ಯಗಳನ್ನು ದೇವನಾಗರಿ ಲಿಪಿಯಲ್ಲಿ ದೊಡ್ಡದಾಗಿ ಬರೆದು, ಕೆಳಗೆ ಮರಾಠಿ ಅರ್ಥವನ್ನೂ ಕೊಟ್ಟು ದಾದಿಯರಿಗೆ ಒಪ್ಪಿಸಬಹುದು. ರೋಗಿಯ ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ತಂದುಕೊಡಬಹುದು. ಪರೀಕ್ಷೆಯ ಸಮಯದಲ್ಲಿ ಮನೆಯವರೊಬ್ಬರು ಹಾಸಿಗೆಯ ಬಳಿ ಇರಲು ಅನುಮತಿ ಕೇಳಬಹುದು.

ವೈದ್ಯರನ್ನು ವಿನಯದಿಂದ ಕೇಳಬಹುದಾದ ಪ್ರಶ್ನೆಗಳೂ ಇವೆ. ರೋಗಿಯ ಎತ್ತರವನ್ನು ಅಳೆದು ಬರೆದಿದ್ದೀರಾ? ಇಂದು ಎಷ್ಟು ಆಮ್ಲಜನಕ ಕೊಟ್ಟು ಎಷ್ಟು ಬಂದಿದೆ, ನಿನ್ನೆಗಿಂತ ಹೇಗಿದೆ? ಸಮತಟ್ಟಿನ ಒತ್ತಡ ಎಷ್ಟಿದೆ? ಬೋರಲು ಮಲಗಿಸುವ ಅಗತ್ಯವಿದೆಯೇ? ನಿದ್ರೆಯ ಔಷಧಿಯನ್ನು ಇಳಿಸಿ ಸ್ವಂತ ಉಸಿರಾಟವನ್ನು ಯಾವಾಗ ಪರೀಕ್ಷಿಸುತ್ತೀರಿ? ಇವು ವೈದ್ಯರ ಮೇಲಿನ ಅಪನಂಬಿಕೆಯ ಪ್ರಶ್ನೆಗಳಲ್ಲ. ಉತ್ತಮ ವೈದ್ಯರು ದಿನವೂ ತಮಗೆ ತಾವೇ ಕೇಳಿಕೊಳ್ಳುವ ಪ್ರಶ್ನೆಗಳೇ ಇವು. ಒಂದೇ ಅಂಕಿಗೆ ಗಾಬರಿಯಾಗದೆ, ಎರಡು ಮೂರು ದಿನಗಳ ಅಂಕಿಗಳು ಸಾಗುತ್ತಿರುವ ದಿಕ್ಕನ್ನು ಗಮನಿಸುವುದು ಒಳ್ಳೆಯದು. ಎಲ್ಲ ಅಳತೆಗಳೂ ಸರಿಯಾಗಿದ್ದಾಗಲೂ ಕೆಲವು ರೋಗಿಗಳು ಉಳಿಯುವುದಿಲ್ಲ. ಆ ಮಾತನ್ನೂ ವೈದ್ಯರಿಂದ ಸ್ಪಷ್ಟವಾಗಿ ಕೇಳಿ ತಿಳಿಯುವ ಧೈರ್ಯ ಮನೆಯವರಿಗೆ ಬೇಕು.

ದುಬಾರಿ ಉಪಕರಣವಿರುವ ಆಸ್ಪತ್ರೆಯನ್ನು ಹುಡುಕಿಕೊಂಡು ಅಲೆಯುವ ಮುನ್ನ, ಇರುವ ಆಸ್ಪತ್ರೆಯಲ್ಲಿ ಸರಳ ಅಳತೆಗಳು ಪ್ರತಿದಿನವೂ ತಪ್ಪದೆ ನಡೆಯುತ್ತಿವೆಯೇ ಎಂದು ವಿಚಾರಿಸುವುದು ಲೇಸು. ಇದುವರೆಗಿನ ಪ್ರಯೋಗಗಳನ್ನು ನೋಡಿದರೆ, ಹೆಚ್ಚು ಪ್ರಾಣಗಳನ್ನು ಉಳಿಸಿದ್ದು ಟೇಪು, ಒಂದು ಗುಂಡಿ, ಸ್ವಲ್ಪ ರಕ್ತ ಮತ್ತು ಅವುಗಳನ್ನು ಓದಿ ಸಮಯಕ್ಕೆ ಸರಿಯಾಗಿ ಯಂತ್ರವನ್ನು ಹೊಂದಿಸುವ ಮನುಷ್ಯರು. ಓದುಗರು ಈ ವಿಷಯವನ್ನು ತಮ್ಮ ಮನೆಯ ಹಿರಿಯರೊಂದಿಗೂ ನೆರೆಹೊರೆಯವರೊಂದಿಗೂ ಚರ್ಚಿಸಬೇಕೆಂದು ಕೋರುತ್ತೇವೆ. ಅಂತಹ ಸಂದರ್ಭ ಯಾರಿಗೂ ಬಾರದಿರಲಿ. ಬಂದರೆ ಏನು ಕೇಳಬೇಕೆಂಬುದು ನಮಗೆ ತಿಳಿದಿರಲಿ.